ಅವಧಿಗೆ ಮುನ್ನ ಬಂದ ಅತಿಥಿಗಳು

ಏಳನೆಯ ತಿಂಗಳಿನಲ್ಲಿ ಹುಟ್ಟಿದ ಕೂಸು ಉಳಿದೀತು, ಎಂಟನೆಯ ತಿಂಗಳಿನದು ಉಳಿಯದು ಎಂಬ ನಂಬಿಕೆಯೊಂದು ಹಳೆಯ ಮನೆಗಳ ಬಾಣಂತಿಕೋಣೆಗಳಲ್ಲಿ ಬಹುಕಾಲ ಬಾಳಿತು. ಅದು ನಮ್ಮ ಅಜ್ಜಿಯಂದಿರ ಸ್ವಂತ ಸೊತ್ತೇನೂ ಅಲ್ಲ. ಪ್ರಾಚೀನ ಗ್ರೀಸಿನಿಂದ ಹಿಪೊಕ್ರೆಟೀಸನ ಹೆಸರಿನಲ್ಲಿ ಉಳಿದುಬಂದಿರುವ ವೈದ್ಯಗ್ರಂಥಗಳ ಪೈಕಿ ಎಂಟು ತಿಂಗಳ ಶಿಶುವನ್ನು ಕುರಿತೇ ಪ್ರತ್ಯೇಕವಾದ ಒಂದು ಪ್ರಬಂಧವುಂಟು. ಅದರ ನಿರ್ಣಯವೂ ಇದೇ. ಇಷ್ಟು ಪುರಾತನವಾದ ಈ ಮಾತು ಅಪ್ಪಟ ಸುಳ್ಳು. ಗರ್ಭದೊಳಗೆ ಕಳೆದ ಒಂದೊಂದು ವಾರವೂ ಶಿಶುವಿನ ಬಲಕ್ಕೆ ಸೇರುವ ಗಂಟು. ಎಂಟನೆಯ ತಿಂಗಳಿನ ಕೂಸು ಏಳನೆಯ ತಿಂಗಳಿನದಕ್ಕಿಂತ ಎಲ್ಲ ವಿಧದಲ್ಲಿಯೂ ಗಟ್ಟಿ. ಹಾಗಾದರೆ ನಂಬಿಕೆ ಬಾಳಿದ್ದಾದರೂ ಹೇಗೆ? ಏಳು ತಿಂಗಳಿಗೆ ಹುಟ್ಟಿ ಕಣ್ಮುಚ್ಚಿದ ಕೂಸುಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಬದುಕಿಕೊಂಡ ಒಬ್ಬಿಬ್ಬರು ಮಾತ್ರ ಊರಿನ ಬಾಯಲ್ಲಿ ಜೀವಮಾನವಿಡೀ 'ಏಳು ತಿಂಗಳಿನವರು' ಎನಿಸಿಕೊಂಡು ಕಣ್ಣೆದುರಿಗೆ ನಡೆದಾಡುತ್ತಿದ್ದರು. ಅವರಲ್ಲಿ ಕೆಲವರು ಮದುವೆಯ ಮುಹೂರ್ತದಿಂದ ಎಣಿಸಿದಾಗ ಮಾತ್ರ ಏಳು ತಿಂಗಳಿನವರೆಂಬುದು ಬೇರೆ ಮಾತು.

ಉಳಿದವರನ್ನು ನೆನೆದು ಅಳಿದವರನ್ನು ಮರೆಯುವ ಅಭ್ಯಾಸಕ್ಕೆ ಈಗ ಸರಕಾರದ ಲೆಕ್ಕಪತ್ರ ಅಡ್ಡ ಬಂದಿದೆ. 1971ರಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 129 ವರ್ಷ ತುಂಬುವ ಮುನ್ನವೇ ತೀರಿಕೊಳ್ಳುತ್ತಿದ್ದವು. 2020ರ ಹೊತ್ತಿಗೆ ಈ ಸಂಖ್ಯೆ 28ಕ್ಕೆ ಇಳಿಯಿತು; ಕರ್ನಾಟಕದಲ್ಲಿ 19ಕ್ಕೆ. ಸಂತೋಷದ ಸಂಗತಿಯೇ ಸರಿ. ಆದರೆ ಆ 19ರ ಒಳಹೊಕ್ಕು ನೋಡಿದರೆ 14 ಸಾವುಗಳು ಹುಟ್ಟಿದ ಮೊದಲ 28 ದಿನಗಳಲ್ಲಿಯೇ ಸಂಭವಿಸಿದವು. ಲಸಿಕೆಗಳು ಬಂದುವು, ವಾಂತಿಭೇದಿಗೆ ಉಪ್ಪುಸಕ್ಕರೆಯ ನೀರು ಬಂದಿತು, ದಡಾರ ಹಿಂದೆ ಸರಿಯಿತು. ದೊಡ್ಡ ಕೂಸುಗಳು ಉಳಿದುಕೊಂಡವು. ಮೊದಲ ತಿಂಗಳಿನ ಕೂಸಿನ ಶತ್ರುಗಳು ಬೇರೆ: ಅವಧಿಗೆ ಮುನ್ನ ಹುಟ್ಟುವುದು, ಹುಟ್ಟುವಾಗ ಉಸಿರು ಕಟ್ಟುವುದು, ಹುಟ್ಟಿದ ಮೇಲೆ ನಂಜು ಏರುವುದು. ಇವಕ್ಕೆ ಲಸಿಕೆಯಿಲ್ಲ. ಇವುಗಳನ್ನು ಎದುರಿಸುವ ಸ್ಥಳವೇ ಆಸ್ಪತ್ರೆಯ ಆ ಬೆಚ್ಚನೆಯ ಕೋಣೆ. ಹೊರಗೆ ಕುಳಿತ ಬಂಧುಗಳು ಅದನ್ನು 'ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ' ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ.

ದೀಪದ ಕೆಳಗಿನ ನಾಲ್ಕು ತಾಲ್ಲೂಕುಗಳು

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ—ಬೆಂಗಳೂರನ್ನು ಬಡಗಣ ದಿಕ್ಕಿನಿಂದ ಅರ್ಧಚಂದ್ರದಂತೆ ಬಳಸಿರುವ ಈ ನಾಲ್ಕು ತಾಲ್ಲೂಕುಗಳದು ವಿಚಿತ್ರವಾದ ಸ್ಥಿತಿ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ಪ್ರತ್ಯೇಕವಾಯಿತು. 2007ರಲ್ಲಿ ರಾಮನಗರದ ಕಡೆಯ ತಾಲ್ಲೂಕುಗಳು ಬೇರೆಯಾಗಿ ಈ ನಾಲ್ಕೇ ಉಳಿದವು. 2025ರ ಜುಲೈ ತಿಂಗಳಿನಲ್ಲಿ ಜಿಲ್ಲೆಯನ್ನು ಬೆಂಗಳೂರು ಉತ್ತರವೆಂದು ಹೆಸರಿಸಲು ರಾಜ್ಯದ ಸಚಿವ ಸಂಪುಟ ಒಪ್ಪಿಗೆ ನೀಡಿತು. ಹೆಸರು ಏನೇ ಇರಲಿ, ಜಿಲ್ಲೆಯ ಕಚೇರಿಗಳು ಬಹುಕಾಲ ಬೆಂಗಳೂರು ನಗರದ ಒಳಗೇ ಇದ್ದವು. ಕಚೇರಿಗೆ ಹೋಗಬೇಕಾದವರು ನಗರಕ್ಕೆ ಹೋಗುತ್ತಿದ್ದರು. ದೊಡ್ಡ ಕಾಯಿಲೆಯವರೂ ನಗರಕ್ಕೇ ಹೋಗುತ್ತಿದ್ದರು. ಹೀಗಾಗಿ ಬೀದರ, ರಾಯಚೂರು, ಕೊಪ್ಪಳಗಳಂಥ ದೂರದ ಊರುಗಳಲ್ಲಿ ದೊಡ್ಡ ಆಸ್ಪತ್ರೆ ಅಲ್ಲಲ್ಲಿಯೇ ಬೆಳೆಯಬೇಕೆಂಬ ಒತ್ತಡ ಹುಟ್ಟಿದಂತೆ ಇಲ್ಲಿ ಹುಟ್ಟಲಿಲ್ಲ. 'ಬೆಂಗಳೂರು ಪಕ್ಕದಲ್ಲೇ ಇದೆಯಲ್ಲ' ಎಂಬ ಸಮಾಧಾನ ಎಲ್ಲರಿಗೂ ಸುಲಭವಾಗಿ ದೊರೆಯುತ್ತಿತ್ತು.

ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರು. ವಯಸ್ಕರಿಗೆ ಅದು ಒಂದು ಬಸ್ಸಿನ ಪ್ರಯಾಣ. ಒಂದೂಕಾಲು ಕಿಲೋ ತೂಕದ, ಉಸಿರಿಗೆ ತಿಣುಕುತ್ತಿರುವ ಕೂಸಿಗೆ ಅದು ಒಂದು ಜನ್ಮದಷ್ಟು ದೂರ.

ಈ ತಾಲ್ಲೂಕಿನಲ್ಲಿಯೇ ಘಾಟಿ ಸುಬ್ರಹ್ಮಣ್ಯ ಕ್ಷೇತ್ರವಿದೆ. ಸಂತಾನಕ್ಕಾಗಿ ಹರಕೆ ಹೊತ್ತು ನಾಗರಕಲ್ಲು ಪ್ರತಿಷ್ಠೆ ಮಾಡಿಸುವ ದಂಪತಿಗಳು ನಾಡಿನ ಮೂಲೆಮೂಲೆಗಳಿಂದ ಇಲ್ಲಿಗೆ ಬರುತ್ತಾರೆ. ಮರದಡಿಯಲ್ಲಿ ಸಾಲಾಗಿ ನಿಂತ ಆ ಕಲ್ಲುಗಳನ್ನು ಕಂಡವರಿಗೆ ಒಂದು ಕೂಸಿನ ಬೆಲೆ ಏನೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ತಾಲ್ಲೂಕಿನ ಪೇಟೆಯಲ್ಲಿ ಹಗಲಿರುಳು ಸದ್ದು ಮಾಡುವ ಮಗ್ಗಗಳ ಪಕ್ಕದ ಕೋಣೆಗಳಲ್ಲಿ, ಸಿದ್ಧ ಉಡುಪು ಹೊಲಿಯುವ ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳ ಬಾಡಿಗೆ ಮನೆಗಳಲ್ಲಿ, ನೆಲಮಂಗಲದ ದಾಬಸ್‌ಪೇಟೆಯ ಕಡೆಗೆ ದುಡಿಮೆಗೆಂದು ಹೊರನಾಡಿನಿಂದ ಬಂದು ನೆಲಸಿದ ಸಂಸಾರಗಳಲ್ಲಿ ಕೂಸುಗಳು ಹುಟ್ಟುತ್ತಿವೆ. ಹುಟ್ಟುವುದು ಬಹುಮಟ್ಟಿಗೆ ಆಸ್ಪತ್ರೆಯಲ್ಲಿಯೇ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ ಸುಮಾರು 65 ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-21ರ ಸಮೀಕ್ಷೆಯ ಹೊತ್ತಿಗೆ ನೂರಕ್ಕೆ 97. ಹದಿನೈದು ವರ್ಷಗಳಲ್ಲಿ ಬಾಣಂತಿಕೋಣೆಯೇ ಮನೆಯಿಂದ ಎದ್ದು ಆಸ್ಪತ್ರೆಗೆ ಹೋಯಿತೆನ್ನಬಹುದು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ದೊರೆತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಕಾಲವಾದಾಗ, ಒಂದು ವಿದ್ಯೆಯ ಕಾಲವೂ ಅವರೊಡನೆ ಮುಗಿದಂತಾಯಿತು.

ಕೋಳಿಮರಿಯಿಂದ ಕೂಸಿನವರೆಗೆ

ಗಾಜಿನ ಪೆಟ್ಟಿಗೆಯ ಕಥೆ ಆರಂಭವಾಗುವುದು ಪ್ಯಾರಿಸ್ ನಗರದ ಮೃಗಾಲಯದಲ್ಲಿ. 1880ರ ಸುಮಾರಿನಲ್ಲಿ ಅಲ್ಲಿಯ ಹೆರಿಗೆ ಆಸ್ಪತ್ರೆಯ ವೈದ್ಯನಾದ ಸ್ತೆಫಾನ್ ತಾರ್ನಿಯೇ ಎಂಬಾತ ಮೃಗಾಲಯದಲ್ಲಿ ಕೋಳಿಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆಯನ್ನು ಕಂಡ. ಮರಿಗಳಿಗೆ ಆಗುವುದು ಮಕ್ಕಳಿಗೇಕೆ ಆಗದು ಎಂದು ಯೋಚಿಸಿ, ಅದನ್ನು ತಯಾರಿಸಿದವನಿಂದಲೇ ದೊಡ್ಡದೊಂದು ಪೆಟ್ಟಿಗೆ ಮಾಡಿಸಿದ. ಕೆಳಗೆ ಬಿಸಿನೀರು, ಮೇಲೆ ಕೂಸುಗಳು. ಎರಡು ಕಿಲೋಗಿಂತ ಕಡಿಮೆ ತೂಕದ ಶಿಶುಗಳಲ್ಲಿ ನೂರಕ್ಕೆ 66 ಸಾಯುತ್ತಿದ್ದುದು 38ಕ್ಕೆ ಇಳಿಯಿತು. ಔಷಧಿಯಿಲ್ಲ, ಶಸ್ತ್ರಕ್ರಿಯೆಯಿಲ್ಲ, ಬರಿಯ ಶಾಖ.

ಅಲ್ಲಿಂದ ಮುಂದಿನ ಅಧ್ಯಾಯ ಕಾದಂಬರಿಗಿಂತ ವಿಚಿತ್ರವಾದುದು. ಮಾರ್ಟಿನ್ ಕೂನಿ ಎಂಬಾತ ಅಮೆರಿಕದ ಕೋನಿ ದ್ವೀಪದ ಜಾತ್ರೆಮಾಳದಲ್ಲಿ 1903ರಿಂದ 1943ರವರೆಗೆ ನಲವತ್ತು ವರ್ಷ ಈ ಪೆಟ್ಟಿಗೆಗಳಲ್ಲಿ ನಿಜವಾದ ಕೂಸುಗಳನ್ನಿಟ್ಟು ಪ್ರದರ್ಶನ ನಡೆಸಿದ. ನೋಡಲು ಬಂದವರಿಗೆ 25 ಸೆಂಟು ಟಿಕೆಟ್ಟು. ಕೂಸಿನ ತಂದೆತಾಯಿಗಳಿಂದ ಒಂದು ಕಾಸೂ ಇಲ್ಲ. ಆಸ್ಪತ್ರೆಗಳು ಕೈಬಿಟ್ಟ ಶಿಶುಗಳನ್ನು ಜಾತ್ರೆಯ ಟಿಕೆಟ್ಟಿನ ಹಣದಿಂದ ದಾದಿಯರನ್ನಿಟ್ಟು ಸಾಕಿದ ಈತನನ್ನು ಹೊಗಳಬೇಕೋ ತೆಗಳಬೇಕೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಉಳಿದುಕೊಂಡ ಕೂಸುಗಳು ಮಾತ್ರ ದೊಡ್ಡವರಾಗಿ ಆತನನ್ನು ನೋಡಲು ಬರುತ್ತಿದ್ದುದುಂಟು.

ಶಾಖದಿಂದ ಕೆಲವು ಕೂಸುಗಳು ಉಳಿದವು. ಉಸಿರಿನ ಸಮಸ್ಯೆ ಹಾಗೆಯೇ ಉಳಿಯಿತು. 1963ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚಿತವಾಗಿ ಹುಟ್ಟಿದ. ತೂಕ ಎರಡು ಕಿಲೋಗಿಂತ ತುಸು ಹೆಚ್ಚು. ಜಗತ್ತಿನಲ್ಲಿ ದೊರೆಯಬಹುದಾದ ಎಲ್ಲ ವೈದ್ಯರೂ ಎಲ್ಲ ಯಂತ್ರಗಳೂ ಇದ್ದು 39 ಗಂಟೆಗಳಲ್ಲಿ ಆ ಕೂಸು ತೀರಿಕೊಂಡಿತು. ಇಂದು ಅಷ್ಟೇ ತೂಕದ, ಅಷ್ಟೇ ಮುಂಚಿತವಾದ ಕೂಸು ಒಳ್ಳೆಯ ಆರೈಕೆ ದೊರೆತಲ್ಲಿ ಉಳಿಯದಿದ್ದರೆ ಆಶ್ಚರ್ಯಪಡಬೇಕು. ಚಕ್ರವರ್ತಿಯಂಥವನ ಮಗನಿಗೆ ಅಂದು ದೊರೆಯದ ಭಾಗ್ಯ ಇಂದು ಕೂಲಿಕಾರನ ಮಗುವಿಗೆ ದೊರೆಯಬಲ್ಲದು.

ನಡುವೆ ಆದುದೇನು? ಶ್ವಾಸಕೋಶವೆಂಬುದು ಕೋಟ್ಯಂತರ ಪುಟ್ಟ ಗಾಳಿಚೀಲಗಳ ಗೊಂಚಲು. ಒದ್ದೆಯಾದ ಈ ಚೀಲಗಳ ಗೋಡೆಗಳು ಉಸಿರು ಹೊರಹೋದಾಗ ಒಂದಕ್ಕೊಂದು ಅಂಟಿಕೊಳ್ಳದಂತೆ ಸಾಬೂನಿನ ನೊರೆಯಂಥ ಒಂದು ಪದಾರ್ಥ ತಡೆಯುತ್ತದೆ. ಗರ್ಭದ ಕೊನೆಯ ವಾರಗಳಲ್ಲಿ ಅದು ಸಾಕಷ್ಟು ತಯಾರಾಗುತ್ತದೆ. ಮುಂಚಿತವಾಗಿ ಹುಟ್ಟಿದ ಕೂಸಿಗೆ ಅದು ಸಾಲದು. ಪ್ರತಿಯೊಂದು ಉಸಿರಿಗೂ ಅಂಟಿದ ಚೀಲಗಳನ್ನು ಮತ್ತೆ ಬಿಡಿಸಬೇಕು. ಹೊಸ ಬಲೂನನ್ನು ಮೊದಲ ಸಾರಿ ಊದುವ ಕಷ್ಟ, ನಿಮಿಷಕ್ಕೆ ಅರುವತ್ತು ಸಾರಿ! ಕೂಸು ಬಳಲಿ ಸೋಲುತ್ತದೆ. ಕೊರತೆ ಈ ಪದಾರ್ಥದ್ದೇ ಎಂದು ಮೇರಿ ಎಲೆನ್ ಏವರಿ ಎಂಬ ವೈದ್ಯೆ 1959ರಲ್ಲಿಯೇ ತೋರಿಸಿಕೊಟ್ಟಿದ್ದರು. ಆದರೆ ಪ್ಯಾಟ್ರಿಕ್‌ಗೆ ಕೊಡಲು ಮದ್ದು ಇನ್ನೂ ಇರಲಿಲ್ಲ. 1971ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಜಾರ್ಜ್ ಗ್ರೆಗರಿ, ಉಸಿರು ಬಿಟ್ಟಾಗಲೂ ಚೀಲಗಳು ಪೂರ್ತಿ ಮುಚ್ಚದಂತೆ ಸತತವಾಗಿ ಗಾಳಿಯ ಒತ್ತಡ ಕೊಡುವ ಉಪಾಯ ಹೂಡಿ, ತೀವ್ರವಾಗಿ ನರಳುತ್ತಿದ್ದ 20 ಶಿಶುಗಳ ಪೈಕಿ 16ನ್ನು ಉಳಿಸಿದರು. ಇದನ್ನೇ ಇಂದು ವಾರ್ಡುಗಳಲ್ಲಿ 'ಸಿಪ್ಯಾಪ್' ಎನ್ನುತ್ತಾರೆ. 1972ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ, ಹೆರಿಗೆಗೆ ಮುನ್ನವೇ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಕೂಸಿನ ಶ್ವಾಸಕೋಶ ಬೇಗ ಬಲಿಯುತ್ತದೆಂದು ತೋರಿಸಿದರು. 1980ರಲ್ಲಿ ಜಪಾನಿನ ಫುಜಿವಾರ ಹಸುವಿನ ಶ್ವಾಸಕೋಶದಿಂದ ತೆಗೆದ ಆ ನೊರೆಯ ಪದಾರ್ಥವನ್ನೇ ಹತ್ತು ಕೂಸುಗಳ ಶ್ವಾಸನಾಳಕ್ಕೆ ಹನಿಸಿ ಗೆದ್ದರು.

ಆ ಚುಚ್ಚುಮದ್ದಿನ ಕಥೆಯಲ್ಲಿ ಕರ್ನಾಟಕದ ಪಾಲೂ ಉಂಟು. ಬಡ ದೇಶಗಳ ಹಳ್ಳಿಗಾಡಿನಲ್ಲಿ ಅದನ್ನು ಯದ್ವಾತದ್ವಾ ಹರಡಿದಾಗ ಲಾಭಕ್ಕಿಂತ ಹಾನಿಯೇ ಕಂಡುಬಂದಿತೆಂಬ ವರದಿ ಹೊರಟು ವೈದ್ಯರನ್ನು ಗೊಂದಲಕ್ಕೆ ಕೆಡವಿತ್ತು. ಆಗ ಐದು ದೇಶಗಳಲ್ಲಿ ಮತ್ತೆ ಪರೀಕ್ಷೆ ನಡೆಯಿತು. ಭಾರತದ ಕೇಂದ್ರಗಳಲ್ಲಿ ಬೆಳಗಾವಿಯೂ ಒಂದು. ಅವಧಿಯನ್ನು ಸರಿಯಾಗಿ ಗೊತ್ತುಮಾಡಿಕೊಂಡು, ಕೂಸನ್ನು ನೋಡಿಕೊಳ್ಳುವ ವ್ಯವಸ್ಥೆಯಿರುವ ಆಸ್ಪತ್ರೆಯಲ್ಲಿ ಕೊಟ್ಟರೆ ಚುಚ್ಚುಮದ್ದು ಜೀವ ಉಳಿಸುತ್ತದೆಂಬುದು 2020ರಲ್ಲಿ ಸ್ಥಿರವಾಯಿತು. ಮದ್ದು ಒಂದೇ, ಅದರ ಹಿಂದೆ ವಾರ್ಡು ಇದೆಯೋ ಇಲ್ಲವೋ ಎಂಬುದರ ಮೇಲೆ ಅದು ಅಮೃತವೋ ಅಲ್ಲವೋ ಎಂಬುದು ನಿಂತಿದೆ.

ಕೋಣೆಯ ಒಳಗೆ

ನಮ್ಮ ದೇಶದಲ್ಲಿ ಇಂಥ ವಾರ್ಡು ಜಿಲ್ಲಾ ಮಟ್ಟಕ್ಕೆ ಇಳಿದದ್ದು ತೀರ ಈಚೆಗೆ. 2003ರಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾ ಎಂಬ ಹಿಂದುಳಿದ ಜಿಲ್ಲೆಯ ಆಸ್ಪತ್ರೆಯಲ್ಲಿ ಮೊದಲ ಘಟಕ ತೆರೆಯಿತು. ಅದರ ಯಶಸ್ಸನ್ನು ಕಂಡು ದೇಶದಾದ್ಯಂತ ಮೂರು ಮೆಟ್ಟಿಲಿನ ಏರ್ಪಾಡು ಬಂದಿತು. ಹೆರಿಗೆಯಾಗುವ ಪ್ರತಿಯೊಂದು ಆಸ್ಪತ್ರೆಯಲ್ಲಿ ಶಿಶುವಿಗೊಂದು ಮೂಲೆ; ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿ ಕೂಸನ್ನು ಸ್ಥಿಮಿತಕ್ಕೆ ತರುವ ಸಣ್ಣ ಘಟಕ; ಅದರ ಮೇಲೆ ಹನ್ನೆರಡು ಹಾಸಿಗೆ ಅಥವಾ ಅದಕ್ಕೂ ಹೆಚ್ಚಿನ ವಿಶೇಷ ಆರೈಕೆ ಘಟಕ—ದಾದಿಯರ ಬಾಯಲ್ಲಿ 'ಎಸ್.ಎನ್.ಸಿ.ಯು.' ಕೃತಕ ಉಸಿರಾಟದ ಯಂತ್ರ, ಶಸ್ತ್ರಕ್ರಿಯೆ ಬೇಕಾದ ಕೂಸುಗಳಿಗೆ ದೊಡ್ಡ ಆಸ್ಪತ್ರೆಯೇ ಗತಿ. ಬೆಂಗಳೂರಿನ ಕೋಟೆ ಪ್ರದೇಶದಲ್ಲಿ 1935ರಿಂದ ನಿಂತಿರುವ ವಾಣಿವಿಲಾಸ ಆಸ್ಪತ್ರೆ, ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮುಂತಾದುವು ಸುತ್ತಣ ಜಿಲ್ಲೆಗಳ ಇಂಥ ಕೂಸುಗಳನ್ನೂ ಬರಮಾಡಿಕೊಳ್ಳುತ್ತವೆ.

ಯಾವ ಕೂಸನ್ನು ಒಳಗೆ ಸೇರಿಸಬೇಕು? 1,800 ಗ್ರಾಮಿಗಿಂತ ಕಡಿಮೆ ತೂಕದ್ದು, 34 ವಾರ ತುಂಬದೆ ಹುಟ್ಟಿದ್ದು, ಉಸಿರಿಗೆ ಪರದಾಡುವಂಥದು, ಹಾಲು ಕುಡಿಯದಂಥದು, ಸೆಳವು ಬಂದಂಥದು, ಮೈ ತಣ್ಣಗಾದಂಥದು, ಕಾಮಾಲೆ ಏರಿದಂಥದು. ಪೂರ್ಣಾವಧಿಯ ಮಗುವಿನ ತೂಕ ಎರಡೂವರೆ ಕಿಲೋ ದಾಟಿರಬೇಕು. ದೇವನಹಳ್ಳಿಯ ಹೆಸರಾಂತ ಚಕ್ಕೋತ ಹಣ್ಣನ್ನು ಅಂಗೈಯಲ್ಲಿ ತೂಗಿ ನೋಡಿದವರಿಗೆ ಒಂದು ಕಿಲೋ ತೂಕದ ಕೂಸು ಎಂದರೆ ಎಷ್ಟೆಂಬ ಅಂದಾಜು ಸಿಗುತ್ತದೆ.

ಒಳಗೆ ತೆರೆದ ಮಂಚದಂಥ 'ವಾರ್ಮರ್'ಗಳ ಸಾಲು. ಮೇಲಿನಿಂದ ಶಾಖ ಸೂಸುತ್ತದೆ. ಕೂಸಿನ ಹೊಟ್ಟೆಯ ಮೇಲೊಂದು ತಂತಿ ಅದರ ಮೈಯ ಬಿಸಿಯನ್ನು ಅಳೆದು ಯಂತ್ರಕ್ಕೆ ಹೇಳುತ್ತಿರುತ್ತದೆ. ಕಾಲಿಗೆ ಸುತ್ತಿದ ಕೆಂಪು ಬೆಳಕಿನ ಪಟ್ಟಿ ರಕ್ತದಲ್ಲಿನ ಆಮ್ಲಜನಕವನ್ನು ಎಣಿಸುತ್ತದೆ. ಮೂಲೆಯ ಒಂದೆರಡು ತೊಟ್ಟಿಲುಗಳ ಮೇಲೆ ನೀಲಿ ಬೆಳಕು, ಅದು ಕಾಮಾಲೆಗೆ. ಈ ನೀಲಿ ಬೆಳಕು ಬಂದ ಬಗೆಯನ್ನು ಹೇಳಲೇಬೇಕು. 1956ರಲ್ಲಿ ಇಂಗ್ಲೆಂಡಿನ ರೋಚ್‌ಫರ್ಡ್ ಆಸ್ಪತ್ರೆಯ ದಾದಿ ಜೀನ್ ವಾರ್ಡ್ ಎಂಬಾಕೆ ಒಳ್ಳೆಯ ಬಿಸಿಲು ಬಿದ್ದ ದಿನಗಳಲ್ಲಿ ಕೂಸುಗಳನ್ನು ಅಂಗಳಕ್ಕೆ ತರುತ್ತಿದ್ದಳು. ಒಂದು ದಿನ ವೈದ್ಯರಿಗೆ ಹಳದಿ ಬಣ್ಣದ ಕೂಸೊಂದನ್ನು ತೋರಿಸಿದಳು: ಬಟ್ಟೆ ಮುಚ್ಚಿದ್ದ ಭಾಗ ಮಾತ್ರ ಹಳದಿ, ಬಿಸಿಲು ತಾಕಿದ ಭಾಗವೆಲ್ಲ ತಿಳಿ. ಎರಡು ವರ್ಷಗಳಲ್ಲಿ ದೀಪದ ಚಿಕಿತ್ಸೆ ಪ್ರಕಟವಾಯಿತು. ಎಳೆ ಬಿಸಿಲಿಗೆ ಕೂಸನ್ನು ಹಿಡಿಯುವ ನಮ್ಮ ಅಜ್ಜಿಯರು ಇದನ್ನು ಕೇಳಿ ನಕ್ಕಾರು. ಆದರೆ ತೀವ್ರವಾದ ಕಾಮಾಲೆಗೆ ಅಂಗಳದ ಬಿಸಿಲು ಸಾಲದು, ಬಿಸಿಲನ್ನು ನಂಬಿ ಮನೆಯಲ್ಲಿ ಕುಳಿತರೆ ಕೂಸಿನ ಮಿದುಳಿಗೆ ಪೆಟ್ಟು ಬೀಳಬಹುದು.

ಯಂತ್ರಗಳಿಗಿಂತ ಮುಖ್ಯವಾದವರು ದಾದಿಯರು. ಒಬ್ಬಳು ದಾದಿ ಒಂದು ಪಾಳಿಯಲ್ಲಿ ಮೂರು ನಾಲ್ಕು ಕೂಸುಗಳನ್ನು ನೋಡಿಕೊಳ್ಳಬಹುದು. ಎಂಟು ಹತ್ತು ಕೂಸುಗಳಾದರೆ ಕೈ ತೊಳೆಯಲೂ ಪುರುಸೊತ್ತಿಲ್ಲ. ಕೈ ತೊಳೆಯದಿದ್ದರೆ ಒಂದು ಕೂಸಿನ ನಂಜು ಮತ್ತೊಂದಕ್ಕೆ ಹೋಗುತ್ತದೆ. ಬೆಲೆಬಾಳುವ ಯಂತ್ರಗಳಿಂದ ತುಂಬಿದ ವಾರ್ಡಿನಲ್ಲಿ ಕೂಸುಗಳ ಜೀವವನ್ನು ಕಾಯುವುದು ಸಾಬೂನು, ನೀರು ಮತ್ತು ಎರಡು ನಿಮಿಷದ ತಾಳ್ಮೆ ಎಂಬುದು ನಗೆಯ ಮಾತಾಗಿ ಕಾಣಬಹುದು. ವಾರ್ಡಿನಲ್ಲಿ ದುಡಿದವರಾರೂ ಅದಕ್ಕೆ ನಗುವುದಿಲ್ಲ.

ಮೊದಲ ನಿಮಿಷ ಮತ್ತು ನಲವತ್ತು ಕಿಲೋಮೀಟರು

ಕೂಸಿನ ಹಣೆಬರಹ ಬಹುಪಾಲು ವಾರ್ಡಿನ ಬಾಗಿಲಿಗೆ ಬರುವ ಮುನ್ನವೇ ಬರೆದಾಗಿರುತ್ತದೆ. ಹುಟ್ಟಿದ ಕೂಸು ಒಂದು ನಿಮಿಷದೊಳಗೆ ಉಸಿರಾಡಬೇಕು. ಅಳದಿದ್ದರೆ ಒರಸಿ, ಬೆನ್ನು ಸವರಿ, ಅದಕ್ಕೂ ಮಿಸುಕದಿದ್ದರೆ ಮೂಗುಬಾಯಿಗೆ ಮುಸುಕು ಹಿಡಿದು ರಬ್ಬರಿನ ಚೀಲದಿಂದ ಗಾಳಿ ಒತ್ತಬೇಕು. ಬೆಳಗಾವಿ ಜಿಲ್ಲೆಯ ಆಸುಪಾಸಿನಲ್ಲಿ ಹೆರಿಗೆ ಮಾಡಿಸುವವರಿಗೆ ಇಷ್ಟನ್ನು ಮಾತ್ರ ಚೆನ್ನಾಗಿ ಕಲಿಸಿದಾಗ, ಆಗತಾನೆ ಪ್ರಾಣ ಹೋಗಿ ಹುಟ್ಟಿದವೆಂದು ಬರೆದುಕೊಳ್ಳುತ್ತಿದ್ದ ಶಿಶುಗಳ ಪ್ರಮಾಣ ನೂರಕ್ಕೆ 1.7ರಿಂದ 0.9ಕ್ಕೆ ಇಳಿಯಿತೆಂದು 2013ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಅಂದರೆ ಸತ್ತೇ ಹುಟ್ಟಿತೆಂದು ಬಟ್ಟೆಯಲ್ಲಿ ಸುತ್ತಿಡುತ್ತಿದ್ದ ಕೂಸುಗಳಲ್ಲಿ ಎಷ್ಟೋ ಸತ್ತಿರಲೇ ಇಲ್ಲ!

ಎರಡನೆಯ ಕಂಟಕ ದಾರಿ. ಹೆಚ್ಚಾಗಿ ನಡೆಯುವುದು ಹೀಗೆ: ತಾಲ್ಲೂಕು ಕೇಂದ್ರದಲ್ಲಿ ಶಸ್ತ್ರಕ್ರಿಯೆಯಿಂದ ಹೆರಿಗೆಯಾಗುತ್ತದೆ. ಕೂಸು ಸಣ್ಣದು, ಉಸಿರಾಟ ಸರಿಯಿಲ್ಲ. ನಗರಕ್ಕೆ ಕರೆದೊಯ್ಯಿರಿ ಎನ್ನುತ್ತಾರೆ. ತಾಯಿ ಏಳಲಾರಳು. ತಂದೆ ಮತ್ತು ಅಜ್ಜಿ ಕೂಸನ್ನು ಎತ್ತಿಕೊಂಡು ಹೊರಡುತ್ತಾರೆ. 2008ರಲ್ಲಿ ಆರಂಭವಾದ 108ರ ಆಂಬುಲೆನ್ಸು ಉಂಟು. ಅದಕ್ಕೂ ಕಾಯುವ ಧೈರ್ಯವಿಲ್ಲದವರು ಸಿಕ್ಕ ಕಾರನ್ನೋ ಆಟೋವನ್ನೋ ಹಿಡಿಯುತ್ತಾರೆ. ಮಾಗಿಯ ಬೆಳಗಿನ ಜಾವದ ಗಾಳಿ, ಹೆಬ್ಬಾಳದ ಬಳಿಯೋ ಗೊರಗುಂಟೆಪಾಳ್ಯದ ಬಳಿಯೋ ವಾಹನಗಳ ಸಾಲು. ಕೂಸಿನ ಮೈಯಲ್ಲಿ ಕೊಬ್ಬಿಲ್ಲ, ಚರ್ಮ ಎಳೆಯದು, ತೂಕಕ್ಕೆ ಹೋಲಿಸಿದರೆ ಮೈಯ ಹರವು ಹೆಚ್ಚು; ಒದ್ದೆ ಬಟ್ಟೆಯಂತೆ ಬೇಗ ಆರುತ್ತದೆ, ಬೇಗ ತಣಿಯುತ್ತದೆ. 36.5 ಡಿಗ್ರಿಗಿಂತ ಕೆಳಕ್ಕೆ ಬಿಸಿ ಇಳಿದರೆ ಇದ್ದಬದ್ದ ಸಕ್ಕರೆಯನ್ನೂ ಆಮ್ಲಜನಕವನ್ನೂ ಮೈ ಕಾಯಿಸಲು ಸುಟ್ಟುಬಿಡುತ್ತದೆ. ದೊಡ್ಡ ಆಸ್ಪತ್ರೆಯ ಬಾಗಿಲಿಗೆ ಬಂದಾಗ ಅದು ಹೊರಟ ಕೂಸಲ್ಲ. ಇನ್ನೂ ಕಾಯಿಲೆಯಾದ ಕೂಸು. ಎಲ್ಲ ಕಡೆಯೂ ಅದೇ ಆಸ್ಪತ್ರೆಯಲ್ಲಿ ಹುಟ್ಟಿ ವಾರ್ಡಿಗೆ ಸೇರಿದ ಶಿಶುಗಳಿಗಿಂತ ಹೊರಗಿನಿಂದ ಬಂದು ಸೇರಿದ ಶಿಶುಗಳೇ ಹೆಚ್ಚಾಗಿ ಸಾಯುವುದಕ್ಕೆ ಇದೊಂದು ದೊಡ್ಡ ಕಾರಣ.

ಇದಕ್ಕೆ ಪರಿಹಾರ ಎರಡು. ಅವಧಿಗೆ ಮುನ್ನ ಹೆರಿಗೆಯಾಗುವ ಸೂಚನೆ ಕಂಡೊಡನೆಯೇ, ಕೂಸು ಇನ್ನೂ ಹೊಟ್ಟೆಯಲ್ಲಿರುವಾಗಲೇ ತಾಯಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುವುದು ಒಂದು. ತಾಯಿಯ ಗರ್ಭಕ್ಕಿಂತ ಒಳ್ಳೆಯ ಆಂಬುಲೆನ್ಸನ್ನು ಯಾರೂ ಕಂಡುಹಿಡಿದಿಲ್ಲ. ಅದು ಆಗದಿದ್ದಾಗ ಎರಡನೆಯದು: ಕೂಸನ್ನು ಬರಿಮೈಯಲ್ಲಿ, ತಲೆಗೆ ಕುಲಾವಿ ಹಾಕಿ, ತಾಯಿಯ ಅಥವಾ ತಂದೆಯ ಅಥವಾ ಅಜ್ಜಿಯ ಬರಿಯ ಎದೆಗೆ ಒರಗಿಸಿ ಮೇಲೆ ಬಟ್ಟೆ ಸುತ್ತಿ ಕರೆದೊಯ್ಯುವುದು.

ಈ ಎರಡನೆಯ ಉಪಾಯ ಬಡತನದಲ್ಲಿ ಹುಟ್ಟಿದ್ದು. 1978ರಲ್ಲಿ ಕೊಲಂಬಿಯ ದೇಶದ ಬೊಗೊಟಾ ನಗರದಲ್ಲಿ, ಒಂದೊಂದು ಪೆಟ್ಟಿಗೆಯಲ್ಲಿ ಎರಡು ಮೂರು ಕೂಸುಗಳನ್ನಿಡಬೇಕಾಗಿ ಬಂದಾಗ, ಎಡ್ಗರ್ ರೇ ಎಂಬ ವೈದ್ಯರು ಕೂಸುಗಳನ್ನು ತಾಯಂದಿರ ಎದೆಗೇ ಕಟ್ಟಿದರು. ಕಾಂಗರೂ ಪ್ರಾಣಿ ಮರಿಯನ್ನು ಚೀಲದಲ್ಲಿ ಬೆಳೆಸುವುದನ್ನು ನೆನೆದು ಅದಕ್ಕೆ ಆ ಹೆಸರು ಬಂದಿತು. ಕರ್ನಾಟಕದಲ್ಲಿ ಕೊಪ್ಪಳ ಜಿಲ್ಲೆಯಾದ್ಯಂತ ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ಹರಡುವ ಪ್ರಯತ್ನವನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲದಿಂದ ನಡೆಸಿದರು. ಕೂಸು ಸ್ಥಿಮಿತಕ್ಕೆ ಬಂದ ಮೇಲೆ ಎದೆಗೆ ಕೊಡುವುದು ಆವರೆಗಿನ ಪದ್ಧತಿ. ಸ್ಥಿಮಿತಕ್ಕೆ ಕಾಯದೆ ಹುಟ್ಟಿದ ಕೂಡಲೆ, ವಾರ್ಡಿನೊಳಗೇ ತಾಯಿಗೂ ಮಂಚ ಹಾಕಿಕೊಟ್ಟು ಕೂಸನ್ನು ಎದೆಗೆ ಕೊಟ್ಟರೇನು? ಭಾರತವೂ ಸೇರಿ ಐದು ದೇಶಗಳಲ್ಲಿ 3,211 ಶಿಶುಗಳ ಮೇಲೆ ನಡೆಸಿದ ಪರೀಕ್ಷೆಯ ಫಲ 2021ರಲ್ಲಿ ಪ್ರಕಟವಾಯಿತು. ಹಳೆಯ ಪದ್ಧತಿಯಲ್ಲಿ ನೂರಕ್ಕೆ 15.7 ಸಾವು, ಹೊಸದರಲ್ಲಿ 12. ಲಾಭ ಇಷ್ಟು ಸ್ಪಷ್ಟವಾಗಿದ್ದುದರಿಂದ ಪರೀಕ್ಷೆಯನ್ನು ಮುಂದುವರಿಸುವುದೇ ತಪ್ಪೆಂದು ನಡುವೆಯೇ ನಿಲ್ಲಿಸಲಾಯಿತು.

ಇದರ ಅರ್ಥ ದೂರ ಹೋಗುತ್ತದೆ. ತಾಯಿಯನ್ನು ಬಾಗಿಲ ಹೊರಗೆ ನಿಲ್ಲಿಸಿ, ದಿನಕ್ಕೊಮ್ಮೆ ಗಾಜಿನ ಆಚೆಯಿಂದ ತೋರಿಸುವುದೇ ಶುಚಿತ್ವವೆಂದು ಆಸ್ಪತ್ರೆಗಳು ಬಹುಕಾಲ ನಂಬಿದ್ದವು. ನಲವತ್ತು ಕಿಲೋಮೀಟರು ಹಿಂದೆ ಮಲಗಿರುವ ತಾಯಿಗಂತೂ ಆ ದರ್ಶನವೂ ಇಲ್ಲ. ಕೂಸು ಅಲ್ಲಿ, ಹಾಲು ಇಲ್ಲಿ. ಹಿಂಡಿ ಕಳುಹಿಸದ ಹಾಲು ಎದೆಯಲ್ಲಿಯೇ ಬತ್ತುತ್ತದೆ. ಪುಡಿಯ ಹಾಲು ಎಳೆಯ ಕರುಳಿಗೆ ಒಗ್ಗುವುದಿಲ್ಲ. ಈ ಕೊರತೆಗೆಂದೇ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲಿ ತಾಯಿಹಾಲಿನ ಬ್ಯಾಂಕು ಆರಂಭವಾಯಿತು. ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ 'ಅಮೃತಧಾರೆ' ಎಂಬ ಹೆಸರಿನಲ್ಲಿ ತೆರೆಯಿತು. ಹೆಚ್ಚು ಹಾಲಿರುವ ತಾಯಂದಿರು ಕೊಟ್ಟದ್ದನ್ನು ಪರೀಕ್ಷಿಸಿ, ಕಾಯಿಸಿ, ಶೀತಲದಲ್ಲಿಟ್ಟು ಇಲ್ಲದ ಕೂಸಿಗೆ ಹನಿಸುತ್ತಾರೆ.

ಲೆಕ್ಕದ ಒಳಗಿನ ಲೆಕ್ಕ

ಇಂಥ ವಾರ್ಡಿಗೆ ಸೇರುವ ಶಿಶುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತೆಂಬ ಸುದ್ದಿ ಓದಿದೊಡನೆ ಓದುಗರು ಗಾಬರಿಯಾಗುವುದುಂಟು. ಕಾಯಿಲೆ ಹೆಚ್ಚಿತೆಂದು ಅದರ ಅರ್ಥವಾಗಬೇಕಾಗಿಲ್ಲ; ಮೊದಲು ಮನೆಯಲ್ಲಿಯೇ ಸದ್ದಿಲ್ಲದೆ ಕಣ್ಮುಚ್ಚುತ್ತಿದ್ದ ಕೂಸುಗಳು ಈಗ ಬಾಗಿಲಿನವರೆಗೆ ಬರುತ್ತಿವೆ ಎಂದಿರಬಹುದು. ಹಾಗೆಯೇ ಒಂದು ವಾರ್ಡಿನಲ್ಲಿ ಸಾವು ಕಡಿಮೆಯೆಂದು ಕೇಳಿ ಹಿಗ್ಗಲೂಬಾರದು. ವಾರ್ಡಿನ ಕಡತದಲ್ಲಿ ಪ್ರತಿಯೊಂದು ಕೂಸಿನ ಮುಂದೆಯೂ ನಾಲ್ಕರಲ್ಲಿ ಒಂದು ಮಾತನ್ನು ಬರೆಯುತ್ತಾರೆ: ಗುಣವಾಗಿ ಮನೆಗೆ ಹೋಯಿತು, ಬೇರೆ ಆಸ್ಪತ್ರೆಗೆ ಕಳುಹಿಸಲಾಯಿತು, ವೈದ್ಯರ ಮಾತು ಮೀರಿ ಬಂಧುಗಳು ಕರೆದೊಯ್ದರು, ತೀರಿಕೊಂಡಿತು. ಕಷ್ಟದ ಕೂಸುಗಳನ್ನೆಲ್ಲ ಮುಂದಕ್ಕೆ ಸಾಗಿಸಿದ ವಾರ್ಡಿನ ಲೆಕ್ಕ ಹಾಲಿನಂತೆ ಶುಭ್ರವಾಗಿ ಕಾಣುತ್ತದೆ. ಅವನ್ನೆಲ್ಲ ಬರಮಾಡಿಕೊಂಡ ದೊಡ್ಡ ಆಸ್ಪತ್ರೆಯ ಲೆಕ್ಕ ಕಪ್ಪಾಗಿ ಕಾಣುತ್ತದೆ. ರಾಜಧಾನಿಯ ಮಗ್ಗುಲಿನ ಜಿಲ್ಲೆಯಲ್ಲಿ ಈ ವ್ಯತ್ಯಾಸವನ್ನು ಎರಡು ಸಾರಿ ನೋಡಬೇಕು. ತವರಿಗೆ ಬಾಣಂತನಕ್ಕೆ ಬಂದ ಮಗಳ ಕೂಸು ಹುಟ್ಟಿದ್ದು ಒಂದು ತಾಲ್ಲೂಕಿನಲ್ಲಿ, ಚಿಕಿತ್ಸೆ ನಗರದಲ್ಲಿ, ವಿಳಾಸ ಗಂಡನ ಊರಿನದು. ಆ ಕೂಸು ಯಾವ ಊರಿನ ಲೆಕ್ಕ?

ಮೂರನೆಯ ಮಾತು—'ಕರೆದೊಯ್ದರು' ಎಂಬುದು—ನಾಲ್ಕರಲ್ಲಿ ಅತ್ಯಂತ ಮೌನವಾದುದು. ಸರಕಾರಿ ಆಸ್ಪತ್ರೆಯಲ್ಲಿ 2011ರಿಂದ ನವಜಾತ ಶಿಶುವಿನ ಚಿಕಿತ್ಸೆ, ಔಷಧಿ, ಸಾಗಾಟ ಎಲ್ಲವೂ ಉಚಿತವೆಂಬ ನಿಯಮವಿದೆ. ಖಾಸಗಿ ಆಸ್ಪತ್ರೆಯಲ್ಲಿ ದಿನಕ್ಕೆ ಸಾವಿರಾರು ರೂಪಾಯಿ. ಒಡವೆ ಅಡವಿಟ್ಟು ಹತ್ತು ದಿನ ನಡೆಸಿದ ಮನೆಯವರು ಹನ್ನೊಂದನೆಯ ದಿನ ಸೋಲುತ್ತಾರೆ. ಕೂಸು ಹೆಣ್ಣಾದರೆ ಕೆಲವೆಡೆ ಸೋಲು ಇನ್ನೂ ಬೇಗ. ದೇಶದ ಈ ಘಟಕಗಳಿಗೆ ಸೇರುವ ಶಿಶುಗಳಲ್ಲಿ ನೂರಕ್ಕೆ ಸುಮಾರು 41 ಮಾತ್ರ ಹೆಣ್ಣೆಂದು 2018ರಲ್ಲಿ ಯುನಿಸೆಫ್ ಎತ್ತಿ ತೋರಿಸಿತು. ಗಂಡು ಶಿಶುವಿನ ಶ್ವಾಸಕೋಶ ಬಲಿಯುವುದು ತುಸು ನಿಧಾನ, ಅದಕ್ಕೆ ಕಾಯಿಲೆ ಹೆಚ್ಚು ಎಂಬುದು ನಿಜ. ಆದರೆ ಹದಿನೆಂಟರ ಅಂತರವನ್ನು ಶ್ವಾಸಕೋಶದ ತಲೆಗೇ ಕಟ್ಟಲು ಬರುವುದಿಲ್ಲ.

ಮನೆಗೆ ಬಂದ ಮೇಲೆ

ಉಳಿದ ಕೂಸಿಗೆ ಮತ್ತೊಂದು ಗಂಡಾಂತರ ಕಣ್ಣಿನದು. ಅವಧಿಗೆ ಮುನ್ನ ಹುಟ್ಟಿದಾಗ ಕಣ್ಣಿನ ಪರೆಯ ರಕ್ತನಾಳಗಳು ಇನ್ನೂ ಬೆಳೆಯುತ್ತಿರುತ್ತವೆ. ಅಳತೆ ಮೀರಿದ ಆಮ್ಲಜನಕ ಅವನ್ನು ಹಾದಿ ತಪ್ಪಿಸುತ್ತದೆ. 1940ರ ದಶಕದಲ್ಲಿ ಪಶ್ಚಿಮದ ಒಳ್ಳೆಯ ಆಸ್ಪತ್ರೆಗಳಲ್ಲಿಯೇ ಹೀಗೆ ಸಾವಿರಾರು ಮಕ್ಕಳು ಕುರುಡರಾದರು. ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣುತ್ತದೆ; ತಿಳಿಯುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಇದಕ್ಕೆ ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಸುಲಭವಾದ ಉಪಾಯ ಹೂಡಿದರು. ತರಬೇತಿ ಪಡೆದ ತಂತ್ರಜ್ಞರು ಪುಟ್ಟ ಕ್ಯಾಮೆರಾದೊಡನೆ ಜಿಲ್ಲೆಗಳ ವಾರ್ಡುಗಳಿಗೆ ವಾಹನದಲ್ಲಿ ಹೋಗಿ ಕೂಸಿನ ಕಣ್ಣಿನ ಒಳಚಿತ್ರ ತೆಗೆಯುತ್ತಾರೆ. ಅಂತರ್ಜಾಲದ ಮೂಲಕ ಬಂದ ಚಿತ್ರವನ್ನು ದೂರದಲ್ಲಿರುವ ತಜ್ಞರು ನೋಡಿ ತೀರ್ಪು ಕೊಡುತ್ತಾರೆ. 'ಕಿಡ್‌ರಾಪ್' ಎಂಬ ಈ ಯೋಜನೆ ಇತರ ದೇಶಗಳ ಗಮನವನ್ನೂ ಸೆಳೆಯಿತು. ಎರಡು ಕಿಲೋಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕೆ ಮುನ್ನ ಹುಟ್ಟಿದ ಪ್ರತಿಯೊಂದು ಕೂಸಿನ ಕಣ್ಣನ್ನೂ ತಿಂಗಳು ತುಂಬುವುದರೊಳಗೆ ತೋರಿಸಬೇಕು. ತೀರ ಚಿಕ್ಕವನ್ನು ಇನ್ನೂ ಮುಂಚೆ.

ಮನೆಗೆ ಬಂದ ಕೂಸಿನ ಸುತ್ತ ಮನೆಯವರೆಲ್ಲ ಸೇರುತ್ತಾರೆ. ಸಾಂಬ್ರಾಣಿಯ ಹೊಗೆ ಬರುತ್ತದೆ, ಎರೆದು ಹಾಕಲು ಹಂಡೆಯ ನೀರು ಕಾಯುತ್ತದೆ. ಎರಡು ಕಿಲೋ ಕೂಸಿಗೆ ಎರಡೂ ಸಲ್ಲವು. ಹೊಗೆ ಎಳೆಯ ಶ್ವಾಸಕೋಶವನ್ನು ಕೆಣಕುತ್ತದೆ. ಸ್ನಾನದ ನಂತರ ಮೈ ತಣಿಯುತ್ತದೆ. ಇದನ್ನು ಅಜ್ಜಿಗೆ ನೋವಾಗದಂತೆ ತಿಳಿಸುವ ಕೆಲಸ ಆಶಾ ಕಾರ್ಯಕರ್ತೆಯ ಪಾಲಿಗೆ ಬಿದ್ದಿದೆ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ ಆಕೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಬರಬೇಕು; ತೂಗಬೇಕು, ಮೈ ಬಿಸಿ ನೋಡಬೇಕು, ಉಸಿರು ಎಣಿಸಬೇಕು. ಈ ಪದ್ಧತಿಗೆ ಮೂಲ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್, ರಾಣಿ ಬಂಗ್ ದಂಪತಿಗಳು ಹಳ್ಳಿಯ ಹೆಂಗಸರಿಗೆ ಕಲಿಸಿದ ಆರೈಕೆ. ಅಲ್ಲಿ ನವಜಾತ ಶಿಶುಗಳ ಸಾವು ನೂರಕ್ಕೆ 62ರಷ್ಟು ತಗ್ಗಿತೆಂದು 1999ರಲ್ಲಿ ಪ್ರಕಟವಾಯಿತು. ವಾರ್ಡಿನಿಂದ ಬಂದ ಕೂಸಾದರೆ ಆಕೆಯ ಕೆಲಸ ಇನ್ನೂ ಹೆಚ್ಚು. ಕಣ್ಣಿನ ಪರೀಕ್ಷೆಯ ದಿನ, ಕಿವಿಯ ಪರೀಕ್ಷೆಯ ದಿನ, ಮರುಭೇಟಿಯ ದಿನ, ಇವೆಲ್ಲ ಬಿಡುಗಡೆಯ ಚೀಟಿಯ ಕೊನೆಯ ಸಾಲುಗಳಲ್ಲಿ ಸಣ್ಣ ಅಕ್ಷರಗಳಲ್ಲಿರುತ್ತವೆ. ಓದಿ ಹೇಳುವವಳು ಅವಳೇ.

ಆ ಚೀಟಿಯ ಮೇಲೆ ಸಾಮಾನ್ಯವಾಗಿ ಕೂಸಿನ ಹೆಸರು ಇರುವುದಿಲ್ಲ. ಮಣಿಕಟ್ಟಿನ ಪಟ್ಟಿಯಲ್ಲಿಯೂ ಕಡತದಲ್ಲಿಯೂ ಅದು 'ಇಂಥವಳ ಮಗು'. ಹನ್ನೊಂದನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದು ಎಷ್ಟೋ ಮನೆಗಳ ಪದ್ಧತಿ. ಹನ್ನೊಂದನೆಯ ದಿನ ಈ ಕೂಸು ಇನ್ನೂ ವಾರ್ಮರಿನ ಕೆಳಗೆ ಮೂಗಿನಲ್ಲಿ ನಳಿಕೆಯೊಡನೆ ಮಲಗಿರುತ್ತದೆ. ಐದನೆಯ ವಾರವೋ ಆರನೆಯ ವಾರವೋ ತೂಕ ಏರಿ, ಹಾಲನ್ನು ತಾನೇ ಎಳೆಯಲು ಕಲಿತ ದಿನ ದಾದಿ ಕತ್ತರಿಯಿಂದ ಆ ಪಟ್ಟಿಯನ್ನು ತುಂಡರಿಸಿ ಕೊಡುತ್ತಾಳೆ. ತೊಟ್ಟಿಲ ಶಾಸ್ತ್ರ ಆ ಮೇಲೆ.